ಸರಕಾರಿ ನೌಕರನೂ ಸಾಮೂಹಿಕ ಚೌಕಾಶಿಯೂ

ಕಳೆದ ತಿಂಗಳು ಒಂದು ಸಂಜೆ ನಮ್ಮ ವಾಚನಾಲಯದಲ್ಲಿ ಇಬ್ಬರು ಓದುಗರ ನಡುವೆ ಮಾತಿಗೆ ಮಾತು ಬೆಳೆಯಿತು. ಒಬ್ಬ ಅಮರಾವತಿ ರಸ್ತೆಯ ಗೋದಾಮಿನಲ್ಲಿ ಹಮಾಲಿ ಮಾಡುವ ಬೀದರ ಕಡೆಯ ಹುಡುಗ. ಇನ್ನೊಬ್ಬರು ಅಂಬಾಝರಿಯ ಆರ್ಡ್‌ನನ್ಸ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಧಾರವಾಡ ಸೀಮೆಯ ಹಿರಿಯರು.

"ನಿಮಗೇನ್ರೀ ಕಾಕಾ, ಸರಕಾರಿ ಪಗಾರ, ಸರಕಾರಿ ಕ್ವಾರ್ಟರ್ಸು. ನಿಮಗ್ಯಾಕ ಬೇಕು ಯೂನಿಯನ್ನು, ಸಂಪು? ಬೇಕಾಗಿದ್ದು ನಮಗ" ಎಂದ ಹುಡುಗ.

"ಪಗಾರ ಎಷ್ಟು ಅಂತ ನೀ ನೋಡ್ತಿ ತಮ್ಮಾ. ಅದನ್ನ ಯಾರು ಬರೀತಾರ ಅಂತ ನಾ ನೋಡ್ತೀನಿ" ಎಂದರು ಕಾಕಾ.

ಪತ್ರಿಕೆ ಓದುತ್ತಿದ್ದವರೆಲ್ಲ ತಲೆ ಎತ್ತಿದರು. ಒಬ್ಬೊಬ್ಬರು ಒಂದೊಂದು ಮಾತು ಸೇರಿಸಿ, ಕೊನೆಗೆ ದೀಪ ಆರಿಸುವ ಹೊತ್ತಾಯಿತು. ಈ ವಿಷಯವನ್ನು ಓದಿ ನೋಡಿ ನಮ್ಮ ಪತ್ರಿಕೆಯಲ್ಲಿ ಬರೆಯುತ್ತೇವೆಂದು ನಾವು ಅಂದು ಮಾತು ಕೊಟ್ಟಿದ್ದೆವು. ನಾವು ಕಾಯಿದೆ ಕಲಿತವರಲ್ಲ, ಮ್ಯಾಟ್ರಿಕ್ ಮುಗಿಸಿ ಗಿರಣಿಯ ಆಫೀಸಿನಲ್ಲಿ ಗುಮಾಸ್ತರಾದವರು. ಕಪಾಟಿನಲ್ಲಿದ್ದ ಪುಸ್ತಕ, ವರದಿಗಳಲ್ಲಿ ಸಿಕ್ಕಿದ್ದನ್ನು ನಮಗೆ ತಿಳಿದಷ್ಟು ಮಟ್ಟಿಗೆ ಇಲ್ಲಿ ಇಡುತ್ತೇವೆ.

ಮೊದಲು ಶಬ್ದವನ್ನೇ ನೋಡೋಣ. ಚೌಕಾಶಿ ಎಂದರೆ ನಮ್ಮ ಜನಕ್ಕೆ ಕಾಟನ್ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಇಳಿಸುವ ಹಗ್ಗಜಗ್ಗಾಟವೇ ನೆನಪಾಗುತ್ತದೆ. ಶಬ್ದಕ್ಕೆ ಸ್ವಲ್ಪ ಜಿಪುಣತನದ ವಾಸನೆ ಇದೆ. ಆದರೆ ಅಲ್ಲಿ ಕೊಳ್ಳುವವನು ಬುಟ್ಟಿ ಬಿಟ್ಟು ಪಕ್ಕದ ಬುಟ್ಟಿಗೆ ಹೋಗಬಲ್ಲ. ಕೆಲಸಗಾರ ಹಾಗೆ ಹೋಗಲಾರ. ಮನೆ ಬಾಡಿಗೆ, ಮಕ್ಕಳ ಶಾಲೆ, ಊರಿಗೆ ಕಳಿಸುವ ಹಣ ಅವನನ್ನು ಕಟ್ಟಿಹಾಕಿರುತ್ತವೆ. ಒಬ್ಬನೇ ಹೋಗಿ ಕೇಳಿದರೆ ಧಣಿಗೆ ಅದು ವಿನಂತಿ. ಎಲ್ಲರ ಪರವಾಗಿ ನಾಲ್ವರು ಹೋಗಿ, ಎದುರುಬದುರು ಕುಳಿತು, ಲೆಕ್ಕ ತೆರೆದು, ಕೊಟ್ಟು ತೆಗೆದುಕೊಂಡು, ಕಡೆಗೆ ಎರಡೂ ಕಡೆಯವರು ಸಹಿ ಹಾಕಿದರೆ ಅದು ಸಾಮೂಹಿಕ ಚೌಕಾಶಿ.

ಇದರ ರೀತಿಯನ್ನು ನಾವು ಹತ್ತಿರದಿಂದ ನೋಡಿದ್ದೇವೆ. ನಾವಿರುವ ಗಿರಣಿಯಲ್ಲಿ ಒಂದು ಒಪ್ಪಂದದ ಕಾಲಕ್ಕೆ ಕಾಗದಪತ್ರ ಟೈಪು ಮಾಡುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಯೂನಿಯನ್ನು ಬೇಡಿಕೆ ಪತ್ರ ಕೊಟ್ಟಿತು. ಮ್ಯಾನೇಜ್‌ಮೆಂಟು ಉತ್ತರ ಕೊಟ್ಟಿತು. ಏಳೆಂಟು ಸಲ ಕೂತರು. ಎರಡು ಸಲ ಎದ್ದು ಹೋದರು. ಕೊನೆಯ ದಿನ ಕರಡು ಓದುವಾಗ ಯೂನಿಯನ್ನಿನ ಕಡೆಯ ಒಬ್ಬ ಜಾಬರ, ಹೆಚ್ಚು ಓದಿದವನಲ್ಲ, ಬೆರಳಿಟ್ಟು ಕೇಳಿದ: "ರಾತ್ರಿ ಪಾಳಿಯ ಭತ್ಯೆ ಈ ತಿಂಗಳಿಂದ ಅಂತ ಮಾತಾಗಿತ್ತು. ಇಲ್ಲಿ ಮುಂದಿನ ತಿಂಗಳಿಂದ ಅಂತ ಐತಲ್ಲ?" ಟೈಪು ಮಾಡಿದವರು ನಾವೇ. ತಪ್ಪು ನಮ್ಮದೇ. ತಿದ್ದಿ ಮತ್ತೆ ಟೈಪು ಮಾಡಿಕೊಟ್ಟೆವು. ಆ ಒಂದು ಪದದಿಂದ ನೂರಾರು ಜನರ ಒಂದು ತಿಂಗಳ ಭತ್ಯೆ ಉಳಿಯಿತು. ಸಹಿಗೆ ಮೊದಲು ಓದುವ ಹಕ್ಕು ಅವನಿಗೆ ಇತ್ತು. ಅದಕ್ಕೇ ತಪ್ಪು ಸಿಕ್ಕಿತು.

ಸರಕಾರಿ ನೌಕರನ ಕೈಗೆ ಬರುವ ಸುತ್ತೋಲೆಗೆ ಸಹಿ ಮೊದಲೇ ಬಿದ್ದಿರುತ್ತದೆ. ಕಾಕಾ ಹೇಳಿದ್ದು ಇದನ್ನೇ. ಗಿರಣಿ ಧಣಿ ಪಗಾರ ಕೊಡುತ್ತಾನೆ, ಆದರೆ ಕಾಯಿದೆ ಮಾಡಲಾರ. ಸರಕಾರ ಹಾಗಲ್ಲ. ಸಂವಿಧಾನದ 309ನೆಯ ಅನುಚ್ಛೇದದ ಕೆಳಗೆ ಸೇವಾ ನಿಯಮಗಳನ್ನು ಬರೆಯುವುದೂ ಅದೇ, ಪಗಾರ ಕೊಡುವುದೂ ಅದೇ, ನೌಕರರು ಕೆಲಸ ನಿಲ್ಲಿಸಿದರೆ ಅದು ಅಪರಾಧವೆಂದು ಸುಗ್ರೀವಾಜ್ಞೆ ಹೊರಡಿಸುವುದೂ ಅದೇ. ಆಟದಲ್ಲಿ ಎದುರಾಳಿಯೇ ಪಂಚನೂ ಆದರೆ ಹೇಗೆ? ಅದಕ್ಕಾಗಿಯೇ ಸರಕಾರಿ ನೌಕರನಿಗೆ ಮೇಜಿನ ಮುಂದೆ ಕೂರುವ ಹಕ್ಕು ಗಿರಣಿಯವನಿಗಿಂತ ಒಂದು ತೂಕ ಹೆಚ್ಚಾಗಿಯೇ ಬೇಕೆಂದು ನಮ್ಮ ಅಭಿಪ್ರಾಯ.

ಈ ಪ್ರಶ್ನೆಗೂ ನಮ್ಮ ನಾಗಪುರಕ್ಕೂ ಹಳೆಯ ನಂಟು ಉಂಟು. ಇಂಗ್ಲೆಂಡಿನಲ್ಲಿ ಮೊದಲ ಮಹಾಯುದ್ಧದ ಕಾಲಕ್ಕೆ ಜೆ. ಎಚ್. ವಿಟ್ಲಿ ಎಂಬವರ ಸಮಿತಿಯೊಂದು ನೌಕರರೂ ಧಣಿಗಳೂ ಒಟ್ಟಿಗೆ ಕೂರುವ ಜಂಟಿ ಮಂಡಲಿಗಳನ್ನು ಸೂಚಿಸಿತು. 1919ರಲ್ಲಿ ಅಲ್ಲಿನ ಸರಕಾರಿ ನೌಕರರಿಗೂ ಅಂಥ ಮಂಡಲಿ ಬಂತು. ಅದೇ ವಿಟ್ಲಿಯವರು 1929ರಲ್ಲಿ ಭಾರತದ ಕಾರ್ಮಿಕರ ಸ್ಥಿತಿ ಪರಿಶೀಲಿಸುವ ರಾಯಲ್ ಕಮಿಶನ್ನಿನ ಅಧ್ಯಕ್ಷರಾದರು. ಆ ವರ್ಷ ನಾಗಪುರದಲ್ಲಿ, ಜವಾಹರಲಾಲ ನೆಹರೂ ಅವರ ಅಧ್ಯಕ್ಷತೆಯಲ್ಲಿ, ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ಕಮಿಶನ್ನನ್ನು ಬಹಿಷ್ಕರಿಸಬೇಕೇ ಬೇಡವೇ ಎಂಬುದೇ ಜಗಳದ ದೊಡ್ಡ ವಿಷಯ. ಬಹಿಷ್ಕಾರದ ಠರಾವು ಪಾಸಾಯಿತು, ಎನ್. ಎಂ. ಜೋಶಿಯವರೂ ಅವರ ಜೊತೆಯವರೂ ಹೊರನಡೆದರು, ಸಂಸ್ಥೆ ಒಡೆಯಿತು. ಸರಕಾರ ಕರೆದ ಮೇಜಿಗೆ ಹೋಗಿ ಕೂರಬೇಕೇ, ಆ ಮೇಜಿಗೆ ಹುರುಳಿದೆಯೇ ಎಂಬ ಪ್ರಶ್ನೆಗೆ ನಮ್ಮ ಊರಿನಲ್ಲಿಯೇ ಮನೆ ಒಡೆದದ್ದು. ಮೂವತ್ತೇಳು ವರ್ಷಗಳ ಮೇಲೆ ವಿಟ್ಲಿ ಮಂಡಲಿಯ ಮಾದರಿಯೇ ಭಾರತದ ಕೇಂದ್ರ ನೌಕರರಿಗೂ ಬಂತು. ಆದರೆ ಅದು ಸುಮ್ಮನೆ ಬರಲಿಲ್ಲ.

1957ರ ಜುಲೈಯಲ್ಲಿ ಸರಕಾರ, ಮಾಲೀಕರು, ಕಾರ್ಮಿಕರು ಮೂರೂ ಪಕ್ಷದವರು ಸೇರಿದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಲನ ಕನಿಷ್ಠ ವೇತನಕ್ಕೆ ಒಂದು ಅಳತೆ ಹಾಕಿಕೊಟ್ಟಿತು. ದುಡಿಯುವವನೊಬ್ಬ, ಮೂರು ಊಟದ ಪಾಲು, ಪಾಲಿಗೆ 2700 ಕ್ಯಾಲೊರಿ ಆಹಾರ, ನಾಲ್ವರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆಬಾಡಿಗೆ, ಉರುವಲು, ದೀಪ ಮುಂತಾದ್ದಕ್ಕೆ ಇಷ್ಟು. ಗಜದ ಲೆಕ್ಕ ಓದಿ ಗಿರಣಿಯವರಾದ ನಮಗೆ ತುಸು ಹೆಮ್ಮೆಯೇ ಆಯಿತು. ಬರೀ ದಯೆಯ ಮಾತಲ್ಲ, ಅಳೆದು ತೋರಿಸಬಹುದಾದ ಅಳತೆ. ಈಗ ತಮಾಷೆ ನೋಡಿ. ಸಮ್ಮೇಲನದಲ್ಲಿ ಸರಕಾರವೂ ಕೂತಿತ್ತು. ಆದರೆ ತನ್ನ ಸ್ವಂತ ನೌಕರರ ಸರದಿ ಬಂದಾಗ, ಆ ಅಳತೆಗೆ ತಾನು ಕಟ್ಟುಬಿದ್ದಿಲ್ಲವೆಂದು ಹಣಕಾಸಿನ ಖಾತೆ ಹೇಳಿತು. ಎರಡನೆಯ ಪೇ ಕಮಿಶನ್ನು 1959ರಲ್ಲಿ ಕನಿಷ್ಠ 80 ರೂಪಾಯಿ ಎಂದಿತು. ಪೇ ಕಮಿಶನ್ನು ಎಂದರೆ ಚೌಕಾಶಿಯಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ನೌಕರ ಮನವಿ ಕೊಡುತ್ತಾನೆ, ಸಾಕ್ಷಿ ಹೇಳುತ್ತಾನೆ. ಬರೆಯುವವರು ಬೇರೆ, ಒಪ್ಪುವವರು ಬೇರೆ.

1960ರ ಜುಲೈ 11ರ ಮಧ್ಯರಾತ್ರಿಯಿಂದ ಕೇಂದ್ರ ಸರಕಾರಿ ನೌಕರರು ಮುಷ್ಕರ ಹೂಡಿದರು. ಅದಕ್ಕೆ ಮುಂಚೆಯೇ ಅವಶ್ಯಕ ಸೇವೆಗಳ ಸುಗ್ರೀವಾಜ್ಞೆ ಹೊರಟು ಮುಷ್ಕರ ಕಾನೂನುಬಾಹಿರವೆನಿಸಿತ್ತು. ಐದು ದಿನಕ್ಕೆ ಮುಷ್ಕರ ಮುರಿಯಿತು. ಬಹಳ ಜನ ಜೈಲು ಕಂಡರು, ಕೆಲವರು ಕೆಲಸ ಕಳೆದುಕೊಂಡರು. ನಾಗಪುರದ ಅಂಚೆ ತಂತಿ ಖಾತೆಯ ನೌಕರರೊಬ್ಬರು ತಮ್ಮ ಮೇಲಿನ ಶಿಕ್ಷೆಯನ್ನೂ ಆ ಸುಗ್ರೀವಾಜ್ಞೆಯನ್ನೂ ಪ್ರಶ್ನಿಸಿ ಸುಪ್ರೀಮ್ ಕೋರ್ಟಿನ ವರೆಗೆ ಹೋದರು. 1964ರಲ್ಲಿ ಕೋರ್ಟು ಸುಗ್ರೀವಾಜ್ಞೆ ಸಿಂಧುವೇ ಎಂದಿತು.

ಆದರೆ ನ್ಯಾಯಾಲಯ ಬಾಗಿಲನ್ನು ಪೂರ್ತಿ ಹಾಕಲಿಲ್ಲ. 1962ರಲ್ಲಿ ಬಿಹಾರದ ಕಾಮೇಶ್ವರ ಪ್ರಸಾದ ಮೊಕದ್ದಮೆಯಲ್ಲಿ, ಸರಕಾರಿ ನೌಕರ ಮೂಲಭೂತ ಹಕ್ಕುಗಳನ್ನು ಆಫೀಸಿನ ಹೊಸ್ತಿಲಲ್ಲಿ ಬಿಟ್ಟು ಬರುವವನಲ್ಲ, ಶಾಂತಿಯುತ ಮೆರವಣಿಗೆಯನ್ನೆಲ್ಲ ನಿಷೇಧಿಸಕೂಡದು ಎಂದಾಯಿತು; ಮುಷ್ಕರ ಮಾತ್ರ ಮೂಲಭೂತ ಹಕ್ಕಲ್ಲ. ಅದೇ ವರ್ಷ ಘೋಷ್ ವಿರುದ್ಧ ಜೋಸೆಫ್ ಮೊಕದ್ದಮೆ. ಸರಕಾರ ಮಾನ್ಯತೆ ಕೊಡದ ಸಂಘದಲ್ಲಿ ನೌಕರ ಇರಕೂಡದೆಂಬ ನಿಯಮವೊಂದಿತ್ತು. ಅದನ್ನು ಕೋರ್ಟು ಹೊಡೆದುಹಾಕಿತು. ಆ ತೀರ್ಪು ಬರೆದವರು ನ್ಯಾಯಮೂರ್ತಿ ಗಜೇಂದ್ರಗಡಕರ. ಮನೆತನದ ಮೂಲ ನಮ್ಮ ಗಜೇಂದ್ರಗಡ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. (ಇದನ್ನು ಓದಿ ಹೇಳಿದಾಗ ಕಾಕಾ ಮೀಸೆ ತಿರುವಿದರು.)

ಈ ತೀರ್ಪುಗಳನ್ನೂ 1961ರ ಬ್ಯಾಂಕ್ ನೌಕರರ ತೀರ್ಪನ್ನೂ ಕೂಡಿಸಿ ಓದಿದರೆ ಸಿಗುವ ಅರ್ಥ ಇಷ್ಟು: ಸಂಘ ಕಟ್ಟುವುದು ಸಂವಿಧಾನ ಕೊಟ್ಟ ಹಕ್ಕು. ಸಂಘದ ಜೊತೆ ಕೂತು ಒಪ್ಪಂದ ಮಾಡಿಕೊಳ್ಳಲೇಬೇಕೆಂಬುದು ಆ ಹಕ್ಕಿನೊಳಗೆ ಬರುವುದಿಲ್ಲ. ಬಾಯಿ ಕೊಟ್ಟು ಕಿವಿ ಕೊಡದ ಹಾಗಾಯಿತು. ಕಿವಿಯನ್ನು ಶಾಸನದಿಂದಲೋ ಯೋಜನೆಯಿಂದಲೋ ಬೇರೆಯಾಗಿ ಪಡೆಯಬೇಕು.

ಹಾಗೆ ಪಡೆದದ್ದೇ 1966ರ ಜಂಟಿ ಸಮಾಲೋಚನಾ ವ್ಯವಸ್ಥೆ, ನಮ್ಮ ಆರ್ಡ್‌ನನ್ಸ್ ಓದುಗರು ಜೆ.ಸಿ.ಎಂ. ಎನ್ನುವುದು. ಮೇಲೆ ರಾಷ್ಟ್ರೀಯ ಮಂಡಲಿ, ನಡುವೆ ಖಾತೆಯ ಮಂಡಲಿ, ಕೆಳಗೆ ಕಚೇರಿಯ ಮಂಡಲಿ. ಒಂದು ಕಡೆ ಅಧಿಕಾರಿಗಳು, ಇನ್ನೊಂದು ಕಡೆ ಮಾನ್ಯ ಸಂಘಗಳ ಪ್ರತಿನಿಧಿಗಳು. ಒಮ್ಮತವಾಗದಿದ್ದರೆ ಮೂರು ವಿಷಯಗಳು, ಎಂದರೆ ಒಂದು ದರ್ಜೆಯ ನೌಕರರ ವೇತನ ಭತ್ಯೆ, ವಾರದ ಕೆಲಸದ ಗಂಟೆ, ರಜೆ, ಕಡ್ಡಾಯ ಪಂಚಾಯ್ತಿಗೆ ಹೋಗಬಹುದು. ಪಂಚಾಯ್ತಿಯಲ್ಲಿ ಎರಡೂ ಕಡೆಯ ಒಬ್ಬೊಬ್ಬರು, ಜೊತೆಗೆ ತಟಸ್ಥ ಅಧ್ಯಕ್ಷರು. ಪಂಚಾಯ್ತಿಯ ತೀರ್ಪು ಎರಡೂ ಪಕ್ಷಕ್ಕೆ ಕಡ್ಡಾಯ, ಆದರೆ ಸಂಸತ್ತಿನ ಅಧಿಕಾರಕ್ಕೆ ಒಳಪಟ್ಟು. ಈ ಕೊನೆಯ ವಾಕ್ಯವನ್ನು ಎರಡು ಸಲ ಓದಿಕೊಳ್ಳಿ. ಬಡ್ತಿ, ವರ್ಗಾವಣೆ, ಖಾತೆಯನ್ನೇ ಕಂಪನಿ ಮಾಡುವುದು ಇತ್ಯಾದಿ ಆ ಮೂರರೊಳಗೆ ಬಾರವು. ಅವು ಬರೀ ಸಮಾಲೋಚನೆ. ಸಮಾಲೋಚನೆ ಎಂದರೆ ನೀವು ಹೇಳಿ, ನಾವು ಕೇಳುತ್ತೇವೆ. ಚೌಕಾಶಿ ಎಂದರೆ ಇಬ್ಬರೂ ಸಹಿ ಹಾಕುವ ತನಕ ಕಾಗದ ಕಾಗದವಲ್ಲ. ವ್ಯತ್ಯಾಸ ಅಲ್ಲೇ ಇದೆ.

ರೇಲ್ವೆಯ ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಮಂಗಳೂರಿನ ಜಾರ್ಜ್ ಫರ್ನಾಂಡಿಸರ ಮುಂದಾಳ್ತನದಲ್ಲಿ 1974ರ ಮೇ 8ರಿಂದ 27ರ ವರೆಗೆ ನಡೆದ ಮುಷ್ಕರವನ್ನು ಸರಕಾರ ಮುರಿಯಿತು. ಆಗ ಕೇಳಿದ್ದ ಬೋನಸ್ಸು 1979ರಲ್ಲಿ ರೇಲ್ವೆಯವರಿಗೆ ಬಂತು.

ಇನ್ನು ನಮ್ಮ ಮನೆಬಾಗಿಲಿನ ವಿಷಯ. ವಾಡಿಯ ಅರ್ಧ ಅಂಗಡಿಗಳ ಉದರಿ ಪುಸ್ತಕ ಅಂಬಾಝರಿ ಫ್ಯಾಕ್ಟರಿಯ ಪಗಾರದ ದಿನವನ್ನು ನೋಡಿಕೊಂಡು ನಡೆಯುತ್ತದೆ ಎಂದರೆ ತಪ್ಪಾಗದು. ದೇಶದ 41 ಆರ್ಡ್‌ನನ್ಸ್ ಫ್ಯಾಕ್ಟರಿಗಳಲ್ಲಿ ಅದೂ ಒಂದಾಗಿತ್ತು. ಎಲ್ಲ ಸೇರಿ ಸುಮಾರು 70 ಸಾವಿರ ನೌಕರರು. ಈ ಫ್ಯಾಕ್ಟರಿಗಳನ್ನು ಕಂಪನಿ ಮಾಡಬೇಕೆಂಬ ಮಾತು ಬಂದಾಗ 2019ರ ಆಗಸ್ಟ್ 20ರಿಂದ ನೌಕರರು ಮುಷ್ಕರ ಹೂಡಿದರು. ಮಾತುಕತೆಯ ಭರವಸೆಯ ಮೇಲೆ ಕೆಲವೇ ದಿನಗಳಲ್ಲಿ ನಿಲ್ಲಿಸಿದರು. 2020ರ ಅಕ್ಟೋಬರಿನಲ್ಲಿ ಮತ್ತೆ ನೋಟೀಸು. ಮುಖ್ಯ ಕಾರ್ಮಿಕ ಆಯುಕ್ತರ ಮುಂದೆ ರಾಜಿಯಾಗಿ ಅದೂ ಮುಂದಕ್ಕೆ ಹೋಯಿತು. 2021ರ ಜೂನ್ 16ರಂದು ಮಂತ್ರಿಮಂಡಲ ನಿರ್ಧಾರ ಮಾಡಿಬಿಟ್ಟಿತು. ಎಡ, ಬಲ, ನಡು ಎಂಬ ಭೇದವಿಲ್ಲದೆ ಮೂರೂ ಒಕ್ಕೂಟಗಳು ಜುಲೈ 26ರಿಂದ ಮುಷ್ಕರವೆಂದವು. ಜೂನ್ 30ಕ್ಕೆ ಅವಶ್ಯಕ ರಕ್ಷಣಾ ಸೇವೆಗಳ ಸುಗ್ರೀವಾಜ್ಞೆ ಬಂತು, ಆಗಸ್ಟಿನಲ್ಲಿ ಅದೇ ಕಾಯಿದೆಯಾಯಿತು. ಕಾನೂನುಬಾಹಿರ ಮುಷ್ಕರ ಮಾಡಿದರೆ ಒಂದು ವರ್ಷದ ವರೆಗೆ ಸೆರೆ ಅಥವಾ 10 ಸಾವಿರ ರೂಪಾಯಿಯ ವರೆಗೆ ದಂಡ, ಇಲ್ಲವೆ ಎರಡೂ. ಇತರರನ್ನು ಪ್ರೇರಿಸಿದರೆ ಎರಡು ವರ್ಷ, 15 ಸಾವಿರ. ಸಾಮೂಹಿಕವಾಗಿ ಸಾಂದರ್ಭಿಕ ರಜೆ ಹಾಕುವುದೂ ಮುಷ್ಕರವೇ, ಓವರ್‌ಟೈಮ್ ನಿರಾಕರಿಸುವುದೂ ಮುಷ್ಕರವೇ. ಆ ಕಾಯಿದೆಗೆ ಒಂದೇ ವರ್ಷದ ಆಯುಷ್ಯವಿತ್ತು, ಅಷ್ಟೇ ಸಾಕಾಯಿತು. 2021ರ ಅಕ್ಟೋಬರ್ 1ರಿಂದ ಆರ್ಡ್‌ನನ್ಸ್ ಫ್ಯಾಕ್ಟರಿ ಮಂಡಲಿ ಹೋಗಿ ಏಳು ಸರಕಾರಿ ಕಂಪನಿಗಳು ಬಂದವು. ಅಂಬಾಝರಿ ಈಗ ಯಂತ್ರ ಇಂಡಿಯಾ ಲಿಮಿಟೆಡ್ಡಿನ ಪಾಲು. ಅದರ ಮುಖ್ಯ ಕಚೇರಿಯೂ ನಾಗಪುರವೇ. ನೌಕರರನ್ನು ಎರವಲು ಸೇವೆಯ ಮೇಲೆ ಹೊಸ ಕಂಪನಿಗೆ ಕಳಿಸಿದಂತೆ ಭಾವಿಸಲಾಯಿತು. ಮೊದಲು ಎರಡು ವರ್ಷ ಎಂದಿದ್ದುದು ಮುಂದೆ ಲಂಬಿಸಿತು.

ಕಂಪನಿ ಮಾಡಿದ್ದು ಸರಿಯೋ ತಪ್ಪೋ, ಕಾರಖಾನೆಗೆ ಅದರಿಂದ ಒಳ್ಳೆಯದಾಗುತ್ತದೋ ಇಲ್ಲವೋ, ಅದು ಬೇರೆ ಚರ್ಚೆ. ನಮ್ಮ ಓದುಗರಲ್ಲೇ ಎರಡು ಮತ ಇವೆ. ನಾವು ಎತ್ತಿ ಹೇಳುವುದು ಕ್ರಮವನ್ನು. ಮುಷ್ಕರವನ್ನು ಅಪರಾಧ ಮಾಡಿದ ಕಾಗದದಲ್ಲಿಯೇ, ಈ ವಿವಾದವನ್ನು ಇಂಥ ತಟಸ್ಥ ಪಂಚಾಯ್ತಿಗೆ ಇಷ್ಟು ದಿನದೊಳಗೆ ಒಪ್ಪಿಸುತ್ತೇವೆ ಎಂಬ ಒಂದು ವಾಕ್ಯವೂ ಇದ್ದಿದ್ದರೆ? ಒಂದು ಕೈಯಿಂದ ಕಿತ್ತುಕೊಂಡದ್ದಕ್ಕೆ ಇನ್ನೊಂದು ಕೈಯಿಂದ ಏನೂ ಕೊಡಲಿಲ್ಲ.

ಇಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ನಿಲುವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಜನರ ಜೀವ, ಸುರಕ್ಷತೆ, ಆರೋಗ್ಯಕ್ಕೆ ನೇರ ಅಪಾಯ ಬರುವ ಸೇವೆಗಳಲ್ಲಿ ಮುಷ್ಕರಕ್ಕೆ ತಡೆ ಹಾಕಬಹುದು. ಹಾಕಿದಲ್ಲಿ ಬದಲಿಗೆ ಪಕ್ಷಪಾತವಿಲ್ಲದ, ತ್ವರಿತವಾದ ಪಂಚಾಯ್ತಿ ಇರಬೇಕು, ಅದರ ತೀರ್ಪು ಕಟ್ಟುನಿಟ್ಟಾಗಿ ಜಾರಿಯಾಗಬೇಕು ಎಂಬುದು ಅದರ ಸಮಿತಿಗಳ ಮತ. ಸಂಘ ಕಟ್ಟುವ ಹಕ್ಕಿನ 1948ರ 87ನೆಯ ಒಡಂಬಡಿಕೆ, ಚೌಕಾಶಿಯ 1949ರ 98ನೆಯ ಒಡಂಬಡಿಕೆ, ಸರಕಾರಿ ನೌಕರರಿಗೆಂದೇ ಆದ 1978ರ 151ನೆಯದು, ಇವು ಮೂರಕ್ಕೂ ಭಾರತ ಒಪ್ಪಿಗೆಯ ಮುದ್ರೆ ಒತ್ತಿಲ್ಲ. ಮೊದಲ ಎರಡಕ್ಕೆ ಸರಕಾರ ಹೇಳುತ್ತ ಬಂದ ಕಾರಣ, ನಮ್ಮ ಸರಕಾರಿ ನೌಕರರ ಮೇಲಿನ ನಿರ್ಬಂಧಗಳು ಅವಕ್ಕೆ ಹೊಂದುವುದಿಲ್ಲ ಎಂಬುದು. ಹೀಗೆ ಸರಕಾರಿ ನೌಕರನ ಕಾಲಿಗೆ ಹಾಕಿದ ಸರಪಳಿ ಗಿರಣಿಯವನ ಕಾಲನ್ನೂ ಎಳೆಯುತ್ತದೆ. ಹಮಾಲಿ ಹುಡುಗ ಇದನ್ನು ಗಮನಿಸಬೇಕು.

ಹಾಗಾದರೆ ಜನರ ಗತಿಯೇನು? ಆಸ್ಪತ್ರೆಯ ಬಾಗಿಲು ಹಾಕಿದರೆ, ಬಸ್ಸು ನಿಂತರೆ ತೊಂದರೆ ಬಡವನಿಗೇ ಅಲ್ಲವೆ? ಇದು ಹುರುಳಿಲ್ಲದ ಪ್ರಶ್ನೆಯಲ್ಲ. 2021ರ ಏಪ್ರಿಲಿನಲ್ಲಿ ಕರ್ನಾಟಕದಲ್ಲಿ ಎರಡು ವಾರ ಬಸ್ಸು ನಿಂತಾಗ ಊರಿಗೆ ಹೊರಟು ನಡುದಾರಿಯಲ್ಲಿ ಸಿಕ್ಕಿಬಿದ್ದವರು ನಮ್ಮಲ್ಲೂ ಇದ್ದಾರೆ. ಅವರ ಸಿಟ್ಟು ಸುಳ್ಳಲ್ಲ. ಸರಕಾರದ ಹಣ ಎಲ್ಲರ ಹಣ, ಯಾವುದೋ ಒಂದು ಸಂಘ ಗಟ್ಟಿಯಾಗಿ ಕೂಗಿತೆಂದು ಬೊಕ್ಕಸ ತೆರೆಯಲಾಗದು ಎಂಬ ಮಾತೂ ಸರಿಯೇ. ಆದರೆ ಮೇಜು ಇಲ್ಲದ ಕಡೆಯೇ ಬೀದಿ ತುಂಬುತ್ತದೆ. ಎರಡು ರಾಜ್ಯಗಳನ್ನು ಹೋಲಿಸಿ ನೋಡಿ. ತಮಿಳುನಾಡಿನಲ್ಲಿ 2003ರ ಜುಲೈಯಲ್ಲಿ ಮುಷ್ಕರ ಹೂಡಿದ ಸುಮಾರು ಎರಡು ಲಕ್ಷ ನೌಕರರನ್ನು ಸರಕಾರ ಒಮ್ಮೆಗೇ ವಜಾ ಮಾಡಿತು. ಆಗಸ್ಟ್ 6ರಂದು ರಂಗರಾಜನ್ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು, ಸರಕಾರಿ ನೌಕರನಿಗೆ ಮುಷ್ಕರದ ಮೂಲಭೂತ ಹಕ್ಕಾಗಲಿ, ಶಾಸನದ ಹಕ್ಕಾಗಲಿ, ನೈತಿಕ ಹಕ್ಕಾಗಲಿ ಇಲ್ಲವೆಂದಿತು. ಕರ್ನಾಟಕದಲ್ಲಿ 2023ರ ಮಾರ್ಚ್ 1ರಂದು ರಾಜ್ಯ ಸರಕಾರಿ ನೌಕರರ ಸಂಘ ಮುಷ್ಕರ ಆರಂಭಿಸಿತು. ಅದೇ ದಿನ ಸರಕಾರ ಮೂಲ ವೇತನದ ಶೇಕಡ 17ರಷ್ಟು ಮಧ್ಯಂತರ ಪರಿಹಾರದ ಆಜ್ಞೆ ಹೊರಡಿಸಿತು. ಮುಷ್ಕರ ಅಂದೇ ಮುಗಿಯಿತು. ಜನರಿಗೆ ಯಾವುದರಿಂದ ತೊಂದರೆ ಕಡಿಮೆಯಾಯಿತು? ನಮ್ಮನ್ನು ಕೇಳಿದರೆ ಆ ಮಾತುಕತೆ ಫೆಬ್ರವರಿಯಲ್ಲೇ ಮುಗಿಯಬಹುದಾಗಿತ್ತು; ಒಂದು ದಿನದ ಮುಷ್ಕರವೂ ಬೇಕಿರಲಿಲ್ಲ.

ಬಾಬಾಸಾಹೇಬ ಅಂಬೇಡ್ಕರರು 1938ರಲ್ಲಿ ಮುಂಬಯಿ ವಿಧಾನಸಭೆಯಲ್ಲಿ, ಮುಷ್ಕರವನ್ನು ಅಪರಾಧ ಮಾಡುವುದೆಂದರೆ ಮನಸ್ಸಿಲ್ಲದವನನ್ನು ದುಡಿಸುವುದು, ಅದು ಗುಲಾಮಗಿರಿಯೇ ಎಂಬ ಅರ್ಥದಲ್ಲಿ ವಾದಿಸಿದ್ದರು. ಮುಂದೆ ವೈಸರಾಯರ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದಾಗ, ಸಂಘಗಳಿಗೆ ಮಾಲೀಕರು ಮಾನ್ಯತೆ ಕೊಡುವುದನ್ನು ಕಡ್ಡಾಯ ಮಾಡುವ ಮಸೂದೆ 1943ರಲ್ಲಿ ಬಂತು. ಅಂಥದೊಂದು ತಿದ್ದುಪಡಿ 1947ರಲ್ಲಿ ಪಾಸಾಯಿತು. ಆದರೆ ಅದನ್ನು ಜಾರಿಗೆ ತರಲೇ ಇಲ್ಲ.

ಕೊನೆಗೆ ಒಂದು ಉಪಯೋಗದ ಮಾತು. ಸರಕಾರದ ಕೈಕೆಳಗಿನ ಕೆಲಸವೆಲ್ಲ ಒಂದೇ ಕಾಯಿದೆಗೆ ಬರುವುದಿಲ್ಲ. ಬೆಂಗಳೂರು ನೀರು ಸರಬರಾಜು ಮಂಡಲಿ ತನ್ನ ಕೆಲವು ನೌಕರರಿಗೆ ದಂಡ ಹಾಕಿ ಹಣ ವಸೂಲು ಮಾಡಿತ್ತು. ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು; ಮಂಡಲಿ, ತನ್ನದು ಉದ್ಯಮವೇ ಅಲ್ಲ ಎಂದಿತು. ಅಷ್ಟು ಸಣ್ಣ ಜಗಳದಿಂದ 1978ರ ಫೆಬ್ರವರಿ 21ರ ದೊಡ್ಡ ತೀರ್ಪು ಹುಟ್ಟಿತು: ಮಾಲೀಕ ನೌಕರರ ಸಹಕಾರದಿಂದ ಕ್ರಮಬದ್ಧವಾಗಿ ನಡೆದು ಜನರಿಗೆ ಸರಕು, ಸೇವೆ ಒದಗಿಸುವ ಕೆಲಸ ಉದ್ಯಮವೇ, ಲಾಭವಿರಲಿ ಇಲ್ಲದಿರಲಿ. ರಾಜ್ಯಾಡಳಿತದ ಸಾರ್ವಭೌಮ ಕೆಲಸ ಮಾತ್ರ ಹೊರಗೆ. ಆಗ ಇದ್ದ 1947ರ ಕೈಗಾರಿಕಾ ವಿವಾದ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ. ಅದರಲ್ಲಿ ನೂರಕ್ಕೆ 51 ಜನರ ಬೆಂಬಲವಿರುವ ಸಂಘಕ್ಕೆ ಮಾತುಕತೆಯ ಹಕ್ಕುಂಟು. ಮುಷ್ಕರಕ್ಕೆ 14 ದಿನ ಮುಂಚೆ ನೋಟೀಸು ಬೇಕು. ಅರ್ಧದಷ್ಟು ಜನ ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರ. ಆದ್ದರಿಂದ ನಗರಪರಿಷತ್ತು, ನೀರಿನ ಖಾತೆ, ವಿದ್ಯುತ್ತಿನ ಖಾತೆಯಲ್ಲಿರುವ ಓದುಗರು ತಮ್ಮ ಸಂಘ ಯಾವ ನಿಯಮದ ಕೆಳಗೆ ನೋಂದಣಿಯಾಗಿದೆ, ಮಾನ್ಯತೆ ಇದೆಯೇ ಎಂದು ಮೊದಲು ಕೇಳಿ ತಿಳಿಯಿರಿ. ಕೇಂದ್ರ ಸರಕಾರದ ಖಾತೆಗಳಲ್ಲಾದರೆ 1993ರ ನಿಯಮದ ಪ್ರಕಾರ ಆ ವರ್ಗದ ನೌಕರರಲ್ಲಿ ನೂರಕ್ಕೆ 35 ಜನ ಸದಸ್ಯರಿರಬೇಕು. ಒಪ್ಪಂದವಾಗಿದ್ದರೆ ಅದರ ಪ್ರತಿ ಕೇಳಿ ಪಡೆಯಿರಿ. ಓದಲು ತೊಡಕಾದರೆ ಭಾನುವಾರ ಬೆಳಿಗ್ಗೆ ಇಲ್ಲಿಗೆ ತನ್ನಿ, ಕೂಡಿ ಓದೋಣ.

ಹಮಾಲಿ ಹುಡುಗನ ಪ್ರಶ್ನೆ ಉಳಿಯಿತು. ಅವನಿಗೂ ಒಂದು ಮೇಜು ಇದೆ ಎಂಬುದು ಅವನಿಗೇ ಗೊತ್ತಿರಲಿಲ್ಲ. ಮಹಾರಾಷ್ಟ್ರದಲ್ಲಿ 1969ರ ಮಾಥಾಡಿ ಹಮಾಲರ ಕಾಯಿದೆ ಇದೆ. ಅದರ ಮಂಡಲಿಗಳಲ್ಲಿ ಮಾಲೀಕರ ಪ್ರತಿನಿಧಿಗಳೆಷ್ಟೋ ಕೆಲಸಗಾರರ ಪ್ರತಿನಿಧಿಗಳೂ ಅಷ್ಟೇ. ಹೆಸರು ನೋಂದಾಯಿಸಿದವನ ಕೂಲಿ ಮಂಡಲಿಯ ಮೂಲಕ ಬರುತ್ತದೆ. ಕಳೆದ ಭಾನುವಾರ ಅವನು ತನ್ನ ಗೋದಾಮಿನ ಹಾಜರಿ ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಬಂದಿದ್ದ. ಕಾಕಾ ಕನ್ನಡಕ ಏರಿಸಿ ಒಂದೊಂದನ್ನೇ ತಾರೀಖಿನ ಪ್ರಕಾರ ಜೋಡಿಸುತ್ತಿದ್ದರು. ನಾವು ಅರ್ಜಿಯನ್ನು ಮರಾಠಿಯಲ್ಲಿ ಬರೆಯಲು ಕುಳಿತೆವು.